ಅಂಗಡಿಯ ಹೊಸ್ತಿಲು ಕಾಯುವ ಪೆಟ್ಟಿಗೆ

ಬೆಂಗಳೂರಿನ ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟನ್ನು ಅರಿಯದ ಮನೆ ನಮ್ಮ ಓದುಗ ಬಳಗದಲ್ಲಿ ವಿರಳ. ಮಗಳ ಮದುವೆಯ ಸೀರೆಗೆಂದೋ, ಹಬ್ಬದ ಹೊಸ ಉಡುಪಿಗೆಂದೋ ಆ ಬೀದಿಯನ್ನು ಒಮ್ಮೆಯಾದರೂ ತುಳಿದವರೇ ಹೆಚ್ಚು. 1809ರಲ್ಲಿ ಬ್ರಿಟಿಷರು ತಮ್ಮ ದಂಡನ್ನು ಶ್ರೀರಂಗಪಟ್ಟಣದಿಂದ ತಂದು ಬೆಂಗಳೂರಿನಲ್ಲಿ ನೆಲೆಗೊಳಿಸಿದ ತರುವಾಯ, ಆ ದಂಡಿನ ಅಗತ್ಯಗಳನ್ನು ಪೂರೈಸಲು ಬೆಳೆದ ಪೇಟೆಗಳಲ್ಲಿ ಇದೂ ಒಂದು. ಒಂದು ತುದಿಗೆ ಕಾಮರಾಜ ರಸ್ತೆ. ಕೂಗಳತೆಯಲ್ಲಿ ಇಬ್ರಾಹಿಂ ಸಾಹೇಬ್ ಬೀದಿ, ಡಿಸ್ಪೆನ್ಸರಿ ರಸ್ತೆ, ಜ್ಯುವೆಲರ್ಸ್ ಸ್ಟ್ರೀಟ್. ಗೋಡೆಗೆ ಗೋಡೆ ತಾಗಿ ನಿಂತ ಅಂಗಡಿಗಳು. ಮೂರು ತಲೆಮಾರುಗಳಿಂದ ಒಂದೇ ಮುಂಗಟ್ಟಿನಲ್ಲಿ ಕುಳಿತು ಬಾಳಿದ ಕುಟುಂಬಗಳು.

ಒಂದು ಕಾಲಕ್ಕೆ ಅಂಗಡಿಯ ಪ್ರಾಣವೆಂದರೆ ಗಲ್ಲಾಪೆಟ್ಟಿಗೆ ಮತ್ತು ಕಿರ್ದಿ ಪುಸ್ತಕ. ಇಂದು ಅವೆರಡರ ನಡುವೆ ಮೂರನೆಯದೊಂದು ಪೆಟ್ಟಿಗೆ ಸದ್ದಿಲ್ಲದೆ ಬಂದು ಕುಳಿತಿದೆ. ಅಂಗೈಯಗಲದ ಆ ಪೆಟ್ಟಿಗೆಗೆ ರೂಟರ್ ಎಂದು ಹೆಸರು. ಅದು ನಡೆಯುವವರೆಗೆ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಅದು ನಿಂತ ಗಳಿಗೆಗೆ ಅಂಗಡಿಯೇ ನಿಲ್ಲುತ್ತದೆ. ಈ ವಿಚಾರವಾಗಿ ನಾವು ಪ್ರತ್ಯಕ್ಷ ಕಂಡು ಕಲಿತುದನ್ನು ವ್ಯಾಪಾರ ವೃತ್ತಿಯಲ್ಲಿರುವ ನಮ್ಮ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ. ಮಠದಲ್ಲಿ ಸಂಸ್ಕೃತ, ಕನ್ನಡಗಳನ್ನು ಓದಿ ಬೆಳೆದ ನಮಗೆ ಇದು ಹೊಸ ಪಾಠ. ಆದರೆ ತಿಳಿದವರಿಂದ ಕೇಳಿ ಕಲಿಯುವುದಕ್ಕೆ ಅರವತ್ತು ದಾಟಿದ ವಯಸ್ಸು ಅಡ್ಡಿಯಲ್ಲ.

ಹಬ್ಬದ ಸಂಜೆಯ ಪ್ರಸಂಗ

ಕಳೆದ ದೀಪಾವಳಿಗೆ ಮುಂಚಿನ ಶನಿವಾರ. ನಮಗೆ ಬಹುಕಾಲದಿಂದ ಪರಿಚಿತವಾದ ಕುಟುಂಬವೊಂದು ಆ ಬೀದಿಯ ಪಕ್ಕದ ಓಣಿಯಲ್ಲಿ ಎರಡಂತಸ್ತಿನ ಬಟ್ಟೆಯಂಗಡಿಯನ್ನು ನಡೆಸುತ್ತಿದೆ. ಹಿರಿಯ ಅಣ್ಣನವರು ಎರಡು ವರ್ಷಗಳ ಕೆಳಗೆ ಲಿಂಗೈಕ್ಯರಾದ ಬಳಿಕ ತಮ್ಮನವರೂ ಅವರ ಧರ್ಮಪತ್ನಿಯವರೂ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದಾರೆ. ವಿದ್ಯಾರ್ಥಿನಿಲಯದ ಮಕ್ಕಳಿಗೆ ಹಬ್ಬದ ಬಟ್ಟೆ ಆರಿಸಲೆಂದು ನಾವು ಅಂದು ಅಲ್ಲಿಗೆ ಹೋಗಿದ್ದೆವು.

ಸಂಜೆ ಐದರ ಹೊತ್ತಿಗೆ ಮಳೆ ಹೊಯ್ದು ವಿದ್ಯುತ್ತು ಹೋಯಿತು. ಹತ್ತು ನಿಮಿಷಗಳಲ್ಲಿ ಮರಳಿ ಬಂದಿತು. ಆದರೆ ಬಿಲ್ಲಿನ ಕಂಪ್ಯೂಟರಿಗೆ ಇಂಟರ್‌ನೆಟ್ ಬರಲಿಲ್ಲ. ಕಾರ್ಡು ತಿಕ್ಕುವ ಯಂತ್ರವೂ ಮೂಕವಾಯಿತು. ಬಿಲ್ಲು ಬರೆಯುವ ತಂತ್ರಾಂಶವು ದೂರದ ಯಾವುದೋ ಕಂಪ್ಯೂಟರಿನಲ್ಲಿ ನೆಲಸಿರುವುದರಿಂದ, ಸಂಪರ್ಕವಿಲ್ಲದೆ ಒಂದು ಕರವಸ್ತ್ರದ ಬಿಲ್ಲು ಕೂಡ ಹುಟ್ಟುವಂತಿರಲಿಲ್ಲ. ಸೋಜಿಗವೆಂದರೆ, ಗಿರಾಕಿಗಳ ಕೈಯಲ್ಲಿದ್ದ ಮೊಬೈಲುಗಳಲ್ಲಿ ಅದೇ ಅಂಗಡಿಯ ವೈ-ಫೈ ಸರಾಗವಾಗಿ ನಡೆಯುತ್ತಿತ್ತು! ಮನೆಯವರಿಗೆ ಉಪವಾಸ, ಬಂದವರಿಗೆ ಊಟ ಎಂಬಂತಾಗಿತ್ತು ಸ್ಥಿತಿ. ಪೆಟ್ಟಿಗೆಯನ್ನು ಎರಡು ಬಾರಿ ಆರಿಸಿ ಹೊತ್ತಿಸಿದರೂ ಫಲ ಕಾಣಲಿಲ್ಲ. ಆರಿಸಿಟ್ಟ ಸೀರೆಗಳನ್ನು ಬಿಟ್ಟು ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದು ಹೋದರು.

ಯಜಮಾನರ ಕೋಪವು ಗದಗ ಸೀಮೆಯಿಂದ ಕೆಲಸಕ್ಕೆ ಬಂದಿದ್ದ ಹತ್ತೊಂಬತ್ತರ ಹುಡುಗನೊಬ್ಬನ ಮೇಲೆ ತಿರುಗಿತು. ಅವನು ಬಿಡುವಿನಲ್ಲಿ ಮೊಬೈಲು ನೋಡುವುದನ್ನು ಅವರು ಹಿಂದೆ ಕಂಡಿದ್ದರು. "ಪಾಸ್‌ವರ್ಡನ್ನು ಊರಿಗೆಲ್ಲ ಹಂಚಿದವನು ನೀನೇ ಅಲ್ಲವೇನೋ? ಹಬ್ಬ ಮುಗಿಯಲಿ, ಲೆಕ್ಕ ಚುಕ್ತಾ ಮಾಡಿಕೊಂಡು ಊರಿಗೆ ಹೋಗು" ಎಂದರು. ಹುಡುಗ ತಲೆ ತಗ್ಗಿಸಿ, "ನಾ ಯಾರಿಗೂ ಹೇಳಿಲ್ರೀ, ಸಾವ್ಕಾರ್ರ" ಎಂದಷ್ಟೇ ಹೇಳಿ ಬಟ್ಟೆ ಮಡಿಸತೊಡಗಿದ. ಆ ಮುಖ ನಮ್ಮ ಕಣ್ಣಿನಿಂದ ಮರೆಯಾಗಲಿಲ್ಲ. ಅವನ ಸಂಬಳದಿಂದ ಊರಿನಲ್ಲಿ ಇಬ್ಬರು ತಂಗಿಯರು ಓದುತ್ತಿರುವ ಸಂಗತಿ ನಮಗೆ ಗೊತ್ತಿತ್ತು.

ಯಜಮಾನಿತಿಯವರು ನಮ್ಮ ಬಳಿ ಬಂದು, "ಅಯ್ಯನವರೇ, ಈ ಪೆಟ್ಟಿಗೆಯ ಮರ್ಮ ಬಲ್ಲವರು ನಿಮ್ಮ ಕಡೆ ಯಾರಾದರೂ ಇದ್ದಾರೆಯೇ?" ಎಂದು ಕೇಳಿದರು. ನಮ್ಮ ಸೋದರಳಿಯ ಇಂದಿರಾನಗರದ ಕಛೇರಿಯೊಂದರಲ್ಲಿ ಇದೇ ಕೆಲಸ ಮಾಡುವವನು. ಅವನಿಗೆ ಕರೆ ಹೋಯಿತು.

ಕೀಲಿ ಎಲ್ಲಿತ್ತು?

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಅಳಿಯ ಬಂದನು. ಬಂದವನು ಮೊದಲು ಯಂತ್ರವನ್ನು ಮುಟ್ಟಲಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿದನು. ಇದನ್ನು ಕೂರಿಸಿದವರು ಯಾರು? ಇದರ ಒಳಗಿನ ವ್ಯವಸ್ಥೆಯನ್ನು ತೆರೆಯುವ ಪಾಸ್‌ವರ್ಡ್ ಯಾರ ಬಳಿ ಇದೆ? ಎಲ್ಲಿಯಾದರೂ ಬರೆದಿಟ್ಟಿದ್ದೀರಾ? ಮೂರಕ್ಕೂ ಉತ್ತರವಿರಲಿಲ್ಲ. "ಎಲ್ಲವೂ ಭಾವನವರಿಗೆ ಗೊತ್ತಿತ್ತು" ಎಂದರು ಯಜಮಾನಿತಿ. ಕೂರಿಸಿದ ಕುಶಲಕರ್ಮಿ ಊರು ಬಿಟ್ಟು ವರ್ಷಗಳಾಗಿದ್ದವು.

ಅಳಿಯನು ಪೆಟ್ಟಿಗೆಯನ್ನು ಬೋರಲು ಮಾಡಿದನು. ಅದರ ತಳದ ಚೀಟಿಯಲ್ಲಿ ಕಾರ್ಖಾನೆಯವರೇ ಅಚ್ಚು ಹಾಕಿಸಿದ ಹೆಸರು ಮತ್ತು ಪಾಸ್‌ವರ್ಡ್ ಇದ್ದವು. ಅವನ್ನೇ ಒತ್ತಿದಾಗ ಬಾಗಿಲು ತೆರೆಯಿತು. ಅಷ್ಟು ವರ್ಷ ಲಕ್ಷಾಂತರ ರೂಪಾಯಿಗಳ ವ್ಯವಹಾರ ಹರಿದ ದಾರಿಗೆ ಬೀಗವೇನೋ ಇತ್ತು. ಕೀಲಿಯನ್ನು ಬೀಗಕ್ಕೇ ತೂಗುಹಾಕಲಾಗಿತ್ತು!

ಒಳಗೆ ನೋಡಿದಾಗ ಸಂಜೆಯ ಒಗಟು ಬಿಡಿಸಿಕೊಂಡಿತು. ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ರೂಟರು ಒಂದು ವಿಳಾಸವನ್ನು ಕೊಡಬೇಕು. ಆ ಅಂಗಡಿಯ ರೂಟರಿನಲ್ಲಿ ಕೊಡಲು ಇಟ್ಟಿದ್ದ ವಿಳಾಸಗಳು ಕೇವಲ 30. ಒಮ್ಮೆ ಕೊಟ್ಟ ವಿಳಾಸವನ್ನು 24 ಗಂಟೆಗಳ ಕಾಲ ಹಿಂದಕ್ಕೆ ಪಡೆಯದಂತೆ ಗೊತ್ತುಪಡಿಸಲಾಗಿತ್ತು. ವಿದ್ಯುತ್ತು ಮರಳಿದ ಕೂಡಲೇ ಗಿರಾಕಿಗಳ ಮೊಬೈಲುಗಳು ಕ್ಷಣಾರ್ಧದಲ್ಲಿ ವಿಳಾಸ ಬೇಡಿ ಪಡೆದವು. ಕಂಪ್ಯೂಟರು ನಿಧಾನವಾಗಿ ಎಚ್ಚೆತ್ತು ಕೈ ಚಾಚುವಷ್ಟರಲ್ಲಿ ಮೂವತ್ತೂ ತೀರಿಹೋಗಿದ್ದವು. ದಾಸೋಹದ ಪಂಕ್ತಿಯಲ್ಲಿ ಮೂವತ್ತೇ ಎಲೆ ಹಾಕಿ, ಬಡಿಸುವವನಿಗೇ ಎಲೆ ಸಿಗದಂತಾದ ಕಥೆ ಅದು.

ಅಷ್ಟೊಂದು ಅಪರಿಚಿತ ಮೊಬೈಲುಗಳಿಗೆ ಪಾಸ್‌ವರ್ಡ್ ಕೊಟ್ಟವರು ಯಾರು? ಯಜಮಾನರು ಮತ್ತೆ ಹುಡುಗನ ಕಡೆ ನೋಡಿದರು. ಆಗ ಯಜಮಾನಿತಿಯವರು ಮೆಲ್ಲನೆ, ಉಡುಪು ಹಾಕಿ ನೋಡುವ ಕೋಣೆಯ ಪಕ್ಕದ ಕನ್ನಡಿಯತ್ತ ಬೆರಳು ತೋರಿಸಿದರು. ಅಲ್ಲೊಂದು ರಟ್ಟಿನ ಹಲಗೆ. ಅದರ ಮೇಲೆ ಗ್ರಾಹಕರಿಗೆ ವೈ-ಫೈ ಉಚಿತವೆಂಬ ಒಕ್ಕಣೆ, ಕೆಳಗೆ ಪಾಸ್‌ವರ್ಡ್. ಅಕ್ಷರ ಲಿಂಗೈಕ್ಯರಾದ ಅಣ್ಣನವರದು. ಬಂದವರನ್ನು ಸತ್ಕರಿಸುವ ಸದ್ಭಾವದಿಂದ ಅವರು ಬರೆದು ತೂಗುಹಾಕಿದ್ದ ಆ ಹಲಗೆಯನ್ನು ಎಲ್ಲರೂ ನಿತ್ಯ ನೋಡುತ್ತಿದ್ದರು, ಯಾರೂ ಗಮನಿಸಿರಲಿಲ್ಲ.

ಯಜಮಾನರು ಬಹಳ ಹೊತ್ತು ಆ ಅಕ್ಷರಗಳನ್ನೇ ನೋಡುತ್ತ ನಿಂತರು. ಬಳಿಕ ಹುಡುಗನ ಹೆಗಲ ಮೇಲೆ ಕೈಯಿಟ್ಟು, "ತಪ್ಪು ನಮ್ಮದು, ತಮ್ಮಾ. ನೀನು ಎಲ್ಲಿಗೂ ಹೋಗಬೇಡ" ಎಂದರು. ಹುಡುಗ ಏನನ್ನೂ ಹೇಳದೆ ಅಂಗಡಿಯ ಬಾಗಿಲು ಗುಡಿಸಲು ಹೋದನು. ಅಜ್ಞಾನದಿಂದಾಗುವ ನಷ್ಟ ಹಣದ್ದು ಮಾತ್ರವಲ್ಲ. ನಿರಪರಾಧಿಯ ಮೇಲೆ ಅಪವಾದ ಹೊರಿಸುವಷ್ಟು ದೂರ ಅದು ನಮ್ಮನ್ನು ಕರೆದೊಯ್ಯಬಲ್ಲದು.

ರೂಟರ್ ಎಂದರೇನು?

ಅಂದು ಅಳಿಯನು ನಮಗೆ ತಿಳಿಹೇಳಿದುದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗಿದೆ. ನಾವು ಓದಿದ ಮಠದ ವಿದ್ಯಾರ್ಥಿನಿಲಯದಲ್ಲಿ ನೂರಾರು ಮಕ್ಕಳಿದ್ದರು. ಊರಿನಿಂದ ಬರುವ ಕಾಗದಗಳೆಲ್ಲಕ್ಕೂ ಮಠದ ಒಂದೇ ವಿಳಾಸ. ಅಂಚೆಯವನು ಕಛೇರಿಯ ಬಾಗಿಲಿನಲ್ಲಿ ಕಟ್ಟನ್ನು ಕೊಟ್ಟು ಹೋಗುವನು. ಪಾರುಪತ್ಯಗಾರರು ಹೆಸರು ನೋಡಿ ಇಂಥ ಕೊಠಡಿಯ ಇಂಥ ಹುಡುಗನಿಗೆಂದು ಹಂಚುವರು. ಒಳಗಿನ ಕೊಠಡಿಗಳ ಸಂಖ್ಯೆ ಹೊರಗಿನ ಅಂಚೆಯವನಿಗೆ ಬೇಕಾಗಿಲ್ಲ. ರೂಟರು ಮಾಡುವ ಕೆಲಸವೂ ಅದೇ. ಅಂಗಡಿಗೆ ಹೊರಜಗತ್ತಿನಲ್ಲಿ ಒಂದು ವಿಳಾಸ. ಒಳಗಿನ ಕಂಪ್ಯೂಟರು, ಮುದ್ರಣಯಂತ್ರ, ಕ್ಯಾಮೆರಾಗಳಿಗೆ ಒಳವಿಳಾಸಗಳು. ಯಾವ ಉತ್ತರ ಯಾರಿಗೆ ಸೇರತಕ್ಕದ್ದೆಂಬ ಲೆಕ್ಕವನ್ನು ರೂಟರು ಇಟ್ಟುಕೊಳ್ಳುತ್ತದೆ.

ಈ ಉಪಾಯ ಬಂದುದಕ್ಕೆ ಕಾರಣವುಂಟು. ಇಂಟರ್‌ನೆಟ್ಟಿನ ಹಳೆಯ ವಿಳಾಸಕ್ರಮದಲ್ಲಿ ಇರುವುದು ಸುಮಾರು 429 ಕೋಟಿ ವಿಳಾಸಗಳು. ಜಗತ್ತಿನ ಯಂತ್ರಗಳಿಗೆಲ್ಲ ಅವು ಸಾಲವೆಂದು ತಜ್ಞರು ಮೊದಲೇ ಕಂಡುಕೊಂಡರು. ಆದುದರಿಂದ 1996ರ ಫೆಬ್ರವರಿಯಲ್ಲಿ ಕೆಲವು ಸಂಖ್ಯೆಗಳನ್ನು ಒಳಬಳಕೆಗೆಂದೇ ಮೀಸಲಿಟ್ಟ ಒಪ್ಪಂದವು ಅಂತಿಮ ರೂಪ ಪಡೆಯಿತು. 192.168 ಎಂದು ಆರಂಭವಾಗುವ ವಿಳಾಸಗಳು ಅವುಗಳ ಪೈಕಿ. ಇವನ್ನು ಯಾವ ಅಂಗಡಿಯವರಾದರೂ ತಮ್ಮ ಒಳಗೆ ಬಳಸಬಹುದು. ಹೊರಗಿನ ಇಂಟರ್‌ನೆಟ್ಟಿನಲ್ಲಿ ಇವು ಸಲ್ಲುವುದಿಲ್ಲ.

ನಮ್ಮ ನಾಡಿಗೆ ಈ ಜಾಲವಿದ್ಯೆ ಬಂದುದೂ ಬೆಂಗಳೂರಿನ ಮೂಲಕವೇ ಬಹುಮಟ್ಟಿಗೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಸಂಸ್ಥೆಯು ದಂಡು ಪ್ರದೇಶಕ್ಕೆ ಹೊಂದಿಕೊಂಡ ಮಿಲ್ಲರ್ಸ್ ರಸ್ತೆಯಲ್ಲಿ ಕಛೇರಿ ತೆರೆದು, ಉಪಗ್ರಹದ ಮೂಲಕ ತವರಿನೊಡನೆ ಸಂಪರ್ಕ ಏರ್ಪಡಿಸಿಕೊಂಡಿತು. ಆ ಉಪಗ್ರಹ ತಟ್ಟೆಯ ಸಾಮಗ್ರಿಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಚಿತ್ರ ಇಂದಿಗೂ ಪ್ರಸಿದ್ಧ. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ವಿದ್ಯಾಸಂಸ್ಥೆಗಳ ಜಾಲದ ಮೂಲ ಸದಸ್ಯರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಜನಸಾಮಾನ್ಯರಿಗೆ ಇಂಟರ್‌ನೆಟ್ಟು 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮದ ಮೂಲಕ ಈ ದೇಶದಲ್ಲಿ ತೆರೆಯಿತು. ಅಂದು ಸಂಸ್ಥೆಗಳ ಸೊತ್ತಾಗಿದ್ದ ವಿದ್ಯೆ ಇಂದು ಬಟ್ಟೆಯಂಗಡಿಯ ಗಲ್ಲೆಯ ಪಕ್ಕಕ್ಕೆ ಬಂದಿದೆ. ವಿದ್ಯೆ ಬಂದಷ್ಟು ವೇಗವಾಗಿ ಅದನ್ನು ಪಾಲಿಸುವ ಎಚ್ಚರ ಬಂದಿಲ್ಲ.

ಕೂರಿಸುವ ಬಗೆ

ಆ ಅಂಗಡಿಗೆ ಹೊಸ ರೂಟರನ್ನೇ ತರುವುದೆಂದು ನಿಶ್ಚಯವಾಯಿತು. ಹಳೆಯದಕ್ಕೆ ತಯಾರಕರು ಸುಧಾರಣೆಗಳನ್ನು ಒದಗಿಸುವುದನ್ನು ನಿಲ್ಲಿಸಿದ್ದರು. ಹಬ್ಬ ಕಳೆಯುವವರೆಗೆ ವಿಳಾಸಗಳ ಸಂಖ್ಯೆಯನ್ನು ಹೆಚ್ಚಿಸಿ, ಪಾಸ್‌ವರ್ಡುಗಳನ್ನು ಬದಲಿಸಿ, ಹಲಗೆಯನ್ನು ತೆಗೆದು ಕೆಲಸ ನಡೆಸಿದರು. ಹಬ್ಬದ ಮರುವಾರ ಅಳಿಯನೂ ಯಜಮಾನಿತಿಯವರೂ ಎಸ್.ಪಿ. ರಸ್ತೆಗೆ ಹೋಗಿ ಸಾಮಗ್ರಿಯನ್ನು ಕೊಂಡು ತಂದರು. ಕೂರಿಸುವಾಗ ಅಳಿಯನು ಪಾಲಿಸಿದ ಕ್ರಮವನ್ನು ನಾವು ಬರೆದುಕೊಂಡೆವು.

ಮೊದಲನೆಯದು ಪೆಟ್ಟಿಗೆಯ ಆಯ್ಕೆ. ಮನೆಗೆ ಸಾಕಾಗುವ ರೂಟರು ಅಂಗಡಿಗೆ ಸಾಲದು. ಎರಡು ಬೇರೆ ಬೇರೆ ಸಂಸ್ಥೆಗಳ ಇಂಟರ್‌ನೆಟ್ ತಂತಿಗಳನ್ನು ಜೋಡಿಸಲು ಎರಡು ಬಾಯಿಗಳು ಇರಬೇಕು. ಒಂದು ಕಡಿದರೆ ಮತ್ತೊಂದು ತಾನಾಗಿ ಕೆಲಸ ವಹಿಸಿಕೊಳ್ಳಬೇಕು. ಎರಡನೆಯ ತಂತಿಗೆ ವೆಚ್ಚ ಹೆಚ್ಚೆನಿಸಿದರೆ ಮೊಬೈಲ್ ಸಿಮ್ಮಿನಿಂದ ನಡೆಯುವ ಸಾಧನವನ್ನಾದರೂ ಜೋಡಿಸಬಹುದು. ಜೊತೆಗೆ, ಒಂದೇ ಪೆಟ್ಟಿಗೆಯಲ್ಲಿ ಹಲವು ಜಾಲಗಳನ್ನು ಬೇರ್ಪಡಿಸಿ ಇಡುವ ಸಾಮರ್ಥ್ಯ ಇರತಕ್ಕದ್ದು.

ಎರಡನೆಯದು ಸ್ಥಳ. ಹಳೆಯ ಪೆಟ್ಟಿಗೆ ಕಬ್ಬಿಣದ ಬೀರುವಿನ ಮೇಲೆ, ದೊಡ್ಡ ಕನ್ನಡಿಯ ಹಿಂದೆ ಕುಳಿತಿತ್ತು. ಕಬ್ಬಿಣವೂ ಕನ್ನಡಿಯ ಹಿಂಬದಿಯ ಲೋಹದ ಲೇಪವೂ ವೈ-ಫೈ ಅಲೆಗಳನ್ನು ತಡೆಯುತ್ತವೆ. ಬಟ್ಟೆಯಂಗಡಿಯಲ್ಲಿ ಕನ್ನಡಿಗಳಿಗೆ ಕೊರತೆಯಿಲ್ಲದ ಕಾರಣ ಈ ವಿಚಾರ ಮುಖ್ಯ. ಹೊಸದನ್ನು ಗೋಡೆಯ ಮೇಲೆ ಆಳೆತ್ತರಕ್ಕಿಂತ ಮೇಲೆ, ಗಾಳಿಯಾಡುವಂತೆ ತೂಗುಹಾಕಿದರು. ನೆಲದ ಮೇಲಿಟ್ಟರೆ ಮಳೆನೀರಿನ ಭಯ. ಮುಚ್ಚಿದ ಕಪಾಟಿನಲ್ಲಿಟ್ಟರೆ ಕಾವಿನ ಭಯ.

ಮೂರನೆಯದು ವಿದ್ಯುತ್ತು. ಗಾಜಿನೆಳೆಯ ತಂತಿಯು ಮೊದಲು ಬಂದು ಸೇರುವುದು ಇಂಟರ್‌ನೆಟ್ ಸಂಸ್ಥೆಯವರ ಪುಟ್ಟ ಪೆಟ್ಟಿಗೆಗೆ, ಅಲ್ಲಿಂದ ರೂಟರಿಗೆ. ಅನೇಕರು ರೂಟರಿಗೆ ಮಾತ್ರ ಬ್ಯಾಟರಿಯ ಆಸರೆ ಕೊಟ್ಟು ಆ ಪೆಟ್ಟಿಗೆಯನ್ನು ಮರೆಯುತ್ತಾರೆ. ವಿದ್ಯುತ್ತು ಹೋದಾಗ ರೂಟರು ದೀಪ ಉರಿಸಿಕೊಂಡು ಕುಳಿತಿರುತ್ತದೆ, ದಾರಿ ಮಾತ್ರ ಮುಚ್ಚಿರುತ್ತದೆ. ಎರಡಕ್ಕೂ, ಬಿಲ್ಲಿನ ಕಂಪ್ಯೂಟರಿಗೂ ಯು.ಪಿ.ಎಸ್. ಆಸರೆ ಇರಲೇಬೇಕು.

ನಾಲ್ಕನೆಯದು ತಂತಿ. ಸ್ಥಾನ ಬದಲಿಸದ ಯಂತ್ರಗಳನ್ನು, ಅಂದರೆ ಬಿಲ್ಲಿನ ಕಂಪ್ಯೂಟರು, ಮುದ್ರಣಯಂತ್ರ, ಕ್ಯಾಮೆರಾ ದಾಖಲೆಯ ಪೆಟ್ಟಿಗೆಗಳನ್ನು, ಆದಷ್ಟೂ ತಂತಿಯಿಂದಲೇ ಜೋಡಿಸಬೇಕು. ಕ್ಯಾಟ್-6 ಎಂಬ ಕೇಬಲಿನಲ್ಲಿ 8 ಎಳೆಗಳು 4 ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಒಂದು ಓಟಕ್ಕೆ 100 ಮೀಟರುಗಳ ಮಿತಿ. ವಿದ್ಯುತ್ ತಂತಿಯೊಡನೆ ಅದನ್ನು ಒಂದೇ ಕೊಳವೆಯಲ್ಲಿ ಎಳೆಯಕೂಡದು. ಪ್ರತಿಯೊಂದು ತಂತಿಯ ಎರಡೂ ತುದಿಗಳಿಗೆ ಹೆಸರಿನ ಚೀಟಿ ಅಂಟಿಸಬೇಕು. ಈ ಕೆಲಸವನ್ನು ಅಳಿಯನು ಗದಗಿನ ಹುಡುಗನಿಗೆ ವಹಿಸಿದನು. ಅವನ ಅಕ್ಷರ ದುಂಡಗಿತ್ತು.

ಅಣಿಗೊಳಿಸುವ ಬಗೆ

ಪೆಟ್ಟಿಗೆಯನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಳಗಿನ ಕಟ್ಟಳೆಗಳನ್ನು ಗೊತ್ತುಪಡಿಸಬೇಕು. ಕಂಪ್ಯೂಟರನ್ನು ತಂತಿಯಿಂದ ರೂಟರಿಗೆ ಜೋಡಿಸಿ, ಪೆಟ್ಟಿಗೆಯ ತಳದಲ್ಲಿ ಅಚ್ಚಾಗಿರುವ ವಿಳಾಸವನ್ನು ಬ್ರೌಸರಿನಲ್ಲಿ ಒತ್ತಿದರೆ ಅದರ ಆಡಳಿತದ ಪುಟ ತೆರೆಯುತ್ತದೆ.

ಅಲ್ಲಿ ಮಾಡಬೇಕಾದ ಪ್ರಥಮ ಕಾರ್ಯ ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸುವುದು. ಇದು ಸಣ್ಣ ಮಾತಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯ ಪಾಸ್‌ವರ್ಡುಗಳ ಪಟ್ಟಿಯೊಂದನ್ನೇ ಹಿಡಿದು, ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ಹೊಕ್ಕು ತನ್ನ ಸೇವೆಗೆ ಹಚ್ಚಿಕೊಂಡಿತು. 2018ರಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ಮತ್ತೊಂದು 54 ದೇಶಗಳ ಸುಮಾರು 5 ಲಕ್ಷ ಸಾಧನಗಳಿಗೆ ತಗುಲಿತ್ತು; ಅವುಗಳಲ್ಲಿ ಬಹುಪಾಲು ಮನೆ ಹಾಗೂ ಸಣ್ಣ ಕಛೇರಿಗಳ ರೂಟರುಗಳೇ. ತಮ್ಮದು ಸಣ್ಣ ಅಂಗಡಿ, ಇಲ್ಲಿಗೆ ಯಾರು ಬರುತ್ತಾರೆಂದು ಭಾವಿಸುವವರು ಇದನ್ನು ಗಮನಿಸಬೇಕು. ಕಳ್ಳ ಇಲ್ಲಿ ಅಂಗಡಿಯ ಅಂತಸ್ತು ನೋಡಿ ಬರುವುದಿಲ್ಲ. ತೆರೆದ ಬಾಗಿಲು ನೋಡಿ ಬರುತ್ತಾನೆ. ಕಾರ್ಡು ವ್ಯವಹಾರದ ಅಂತರರಾಷ್ಟ್ರೀಯ ಸುರಕ್ಷಾ ನಿಯಮಾವಳಿಯಲ್ಲಿಯೂ ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಬಳಸಕೂಡದೆಂಬ ವಿಧಿಯುಂಟು.

ಎರಡನೆಯ ಕಾರ್ಯ, ಯಂತ್ರದೊಳಗಿನ ಮೂಲ ತಂತ್ರಾಂಶವನ್ನು ತಯಾರಕರ ಇತ್ತೀಚಿನ ಆವೃತ್ತಿಗೆ ಏರಿಸುವುದು. ಮೂರನೆಯದು, ಇಂಟರ್‌ನೆಟ್ ಸಂಸ್ಥೆಯವರು ಕೊಟ್ಟ ಹೆಸರು ಮತ್ತು ಗುಪ್ತಪದವನ್ನು ತುಂಬಿ ಹೊರದಾರಿಯನ್ನು ತೆರೆಯುವುದು. ನಾಲ್ಕನೆಯದು, ಹೊರಗಿನಿಂದ ರೂಟರಿನ ಆಡಳಿತದ ಪುಟವನ್ನು ಯಾರೂ ತೆರೆಯಲಾಗದಂತೆ ಆ ಸೌಲಭ್ಯವನ್ನು ಮುಚ್ಚುವುದು. ಗುಂಡಿ ಒತ್ತಿದೊಡನೆ ಪಾಸ್‌ವರ್ಡಿಲ್ಲದೆ ಸೇರಿಸಿಕೊಳ್ಳುವ ಡಬ್ಲ್ಯುಪಿಎಸ್ ಎಂಬ ಸೌಲಭ್ಯವನ್ನೂ ಮುಚ್ಚಿದರು.

ಇನ್ನು ಮುಖ್ಯವಾದುದು ಜಾಲಗಳ ವಿಂಗಡಣೆ. ಮಠದಲ್ಲಿ ದಾಸೋಹದ ಮನೆಯ ಬಾಗಿಲು ಸರ್ವರಿಗೂ ತೆರೆದಿರುತ್ತದೆ; ಉಗ್ರಾಣದ ಕೀಲಿ ಮಾತ್ರ ಒಬ್ಬರ ನಡುವಿನಲ್ಲಿರುತ್ತದೆ. ಉಗ್ರಾಣಕ್ಕೆ ಬೀಗವಿದೆಯೆಂದು ದಾಸೋಹಕ್ಕೆ ಕುಂದಿಲ್ಲ. ಬೀಗವಿರುವುದರಿಂದಲೇ ದಾಸೋಹ ನಿತ್ಯ ನಡೆಯುತ್ತದೆ. ಅಣ್ಣನವರ ಔದಾರ್ಯದಲ್ಲಿ ದೋಷವಿರಲಿಲ್ಲ. ದಾಸೋಹದ ಮನೆಗೂ ಉಗ್ರಾಣಕ್ಕೂ ಒಂದೇ ಬಾಗಿಲು ಇಟ್ಟದ್ದಷ್ಟೇ ತಪ್ಪು. ಹೊಸ ವ್ಯವಸ್ಥೆಯಲ್ಲಿ ಮೂರು ಜಾಲಗಳಾದವು. 192.168.10 ಎಂದು ಆರಂಭವಾಗುವ ವಿಳಾಸಗಳು ಬಿಲ್ಲು ಮತ್ತು ಕಾರ್ಡು ಯಂತ್ರಗಳಿಗೆ, 192.168.20 ಗಿರಾಕಿಗಳಿಗೆ, 192.168.30 ಕ್ಯಾಮೆರಾಗಳಿಗೆ. ಒಂದರಿಂದ ಮತ್ತೊಂದಕ್ಕೆ ಹಾಯುವ ದಾರಿಯನ್ನು ಮುಚ್ಚಲಾಯಿತು. ಗಿರಾಕಿಗಳ ಜಾಲದಲ್ಲಿ ಒಂದು ಮೊಬೈಲು ಮತ್ತೊಂದನ್ನು ಕಾಣದಂತೆಯೂ, ಕೊಟ್ಟ ವಿಳಾಸ ಒಂದು ಗಂಟೆಗೆ ಮರಳುವಂತೆಯೂ, ವೇಗಕ್ಕೆ ಮಿತಿಯಿರುವಂತೆಯೂ ಗೊತ್ತುಪಡಿಸಿದರು. ಬಿಲ್ಲಿನ ಯಂತ್ರಗಳಿಗೆ ಅವುಗಳ ಹುಟ್ಟುಗುರುತಿನ ಮೇಲೆ ಕಾಯಂ ವಿಳಾಸವನ್ನು ಮೀಸಲಿಟ್ಟರು. ಇನ್ನು ಎಷ್ಟೇ ಜನ ಬಂದರೂ ಬಡಿಸುವವನ ಎಲೆ ಅವನಿಗೇ ಉಳಿಯುತ್ತದೆ.

ವೈ-ಫೈ ವಿಷಯದಲ್ಲಿ ಆ ಬೀದಿಗೇ ವಿಶೇಷವಾದ ತೊಡಕೊಂದುಂಟು. ಗೋಡೆಗೆ ಗೋಡೆ ತಾಗಿದ ಅಂಗಡಿಗಳಲ್ಲೆಲ್ಲ ವೈ-ಫೈ ಇದೆ. 2.4 ಗಿಗಾಹರ್ಟ್ಸ್ ಎಂಬ ಅಲೆಗಳ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6 ಮತ್ತು 11. ನೂರು ಮಂದಿ ಮೂರು ಓಣಿಗಳಲ್ಲಿ ನುಗ್ಗಿದಂತೆ ಸಂಜೆಯ ಹೊತ್ತು ಅಲ್ಲಿ ಗಜಿಬಿಜಿ. ಆದುದರಿಂದ ಕಾರ್ಡು ಯಂತ್ರದಂಥ ತಂತಿಯಿಲ್ಲದ ಸಾಧನಗಳನ್ನು, ಅವುಗಳಿಗೆ ಸಾಧ್ಯವಿದ್ದಲ್ಲಿ, 5 ಗಿಗಾಹರ್ಟ್ಸ್ ಪಟ್ಟಿಗೆ ಸೇರಿಸುವುದು ಲೇಸು. ಅಲ್ಲಿ ದಾರಿಗಳು ಹೆಚ್ಚು. ಆದರೆ ಆ ಅಲೆಗಳು ಗೋಡೆಗಳನ್ನು ಅಷ್ಟಾಗಿ ದಾಟಲಾರವು. ಆದ್ದರಿಂದ ಮೇಲಂತಸ್ತಿಗೆ ತಂತಿಯೆಳೆದು ಪ್ರತ್ಯೇಕ ವೈ-ಫೈ ಬಿಂದುವೊಂದನ್ನು ಇಟ್ಟರು. ಗುಪ್ತಲಿಪಿಯ ಕಟ್ಟಳೆಯಲ್ಲಿ 2018ರಲ್ಲಿ ಬಂದ ಡಬ್ಲ್ಯುಪಿಎ-3 ಉತ್ತಮ. ಹಳೆಯ ಯಂತ್ರಗಳಿದ್ದರೆ 2004ರ ಡಬ್ಲ್ಯುಪಿಎ-2. ಅದಕ್ಕಿಂತ ಹಿಂದಿನವು ಬೇಡ.

ಎಲ್ಲ ಮುಗಿದ ಮೇಲೆ ಆ ವ್ಯವಸ್ಥೆಯ ನಕಲನ್ನು ಕಡತವಾಗಿ ಉಳಿಸಿಕೊಂಡರು. ಬಳಿಕ ಅಳಿಯನು ಬೇಕೆಂದೇ ಮೊದಲ ಇಂಟರ್‌ನೆಟ್ ತಂತಿಯನ್ನು ಕಿತ್ತನು. ಅರ್ಧ ನಿಮಿಷ ತಡೆದು ಎರಡನೆಯದರಿಂದ ಬಿಲ್ಲು ಬಂದಿತು. ಮುಖ್ಯ ವಿದ್ಯುತ್ತನ್ನು ಆರಿಸಿದನು, ಬಿಲ್ಲು ಬಂದಿತು. "ಪರೀಕ್ಷೆಯನ್ನು ನಾವೇ ಮಾಡಿ ನೋಡಬೇಕು, ಮಾವ. ಹಬ್ಬದ ದಿನ ಅದು ನಮ್ಮನ್ನು ಪರೀಕ್ಷಿಸಬಾರದು" ಎಂದನು.

ಕಾಪಾಡುವ ಬಗೆ

ಕೂರಿಸುವುದು ಒಂದು ದಿನದ ಕೆಲಸ. ಕಾಪಾಡುವುದು ನಿತ್ಯದ ಕೆಲಸ. ಯಜಮಾನಿತಿಯವರು ಒಂದು ಗಟ್ಟಿ ರಟ್ಟಿನ ನೋಟುಪುಸ್ತಕವನ್ನು ತೆರೆದರು. ಮೊದಲ ಪುಟದಲ್ಲಿ ಅಂಗಡಿಯ ನಕ್ಷೆ, ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂಬ ವಿವರ. ಎರಡನೆಯದರಲ್ಲಿ ಯಂತ್ರಗಳ ಹೆಸರು, ಕೊಂಡ ದಿನಾಂಕ, ಇಂಟರ್‌ನೆಟ್ ಸಂಸ್ಥೆಗಳ ಗ್ರಾಹಕ ಸಂಖ್ಯೆ, ದೂರಿನ ದೂರವಾಣಿ. ಮುಂದಿನ ಪುಟಗಳಲ್ಲಿ ಏನು ಬದಲಿಸಿದರು, ಯಾರು, ಯಾವಾಗ ಎಂಬ ದಿನಚರಿ. ಆಡಳಿತದ ಪಾಸ್‌ವರ್ಡನ್ನು ಮಾತ್ರ ಆ ಪುಸ್ತಕದಲ್ಲಿ ಬರೆಯಲಿಲ್ಲ. ಅದನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಮನೆಯ ತಿಜೋರಿಯಲ್ಲಿ ಒಡವೆಯ ಪಕ್ಕ ಇಟ್ಟರು. ಮನೆಯ ಇಬ್ಬರಿಗೆ ಅದರ ತಾಣ ಗೊತ್ತು. ಒಬ್ಬರೇ ಬಲ್ಲ ಗುಟ್ಟು ಅವರೊಡನೆಯೇ ಹೊರಟುಹೋಗುತ್ತದೆಂಬುದನ್ನು ಆ ಮನೆ ಅನುಭವದಿಂದ ಕಲಿತಿತ್ತು.

ತಿಂಗಳಿಗೊಮ್ಮೆ, ಬೀಗ ತೆರೆಯುವ ಮುನ್ನ ಅರ್ಧ ಗಂಟೆ ಈ ಕೆಲಸಕ್ಕೆ ಸಾಕು. ಪೆಟ್ಟಿಗೆಯ ದೂಳು ಒರೆಸುವುದು, ಬಟ್ಟೆಯಂಗಡಿಯಲ್ಲಿ ನೂಲಿನ ಧೂಳು ಗಾಳಿಕಿಂಡಿಗಳನ್ನು ಬೇಗ ಮುಚ್ಚುತ್ತದೆ. ಜಾಲಕ್ಕೆ ಸೇರಿರುವ ಯಂತ್ರಗಳ ಪಟ್ಟಿಯನ್ನು ತೆರೆದು ಅಪರಿಚಿತ ಹೆಸರಿದೆಯೇ ನೋಡುವುದು. ತಯಾರಕರ ಹೊಸ ಆವೃತ್ತಿ ಬಂದಿದೆಯೇ ವಿಚಾರಿಸುವುದು. ವಿದ್ಯುತ್ತು ಆರಿಸಿ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆಂದು ಅಳೆಯುವುದು. ಗಿರಾಕಿಗಳ ವೈ-ಫೈ ಪಾಸ್‌ವರ್ಡನ್ನು ತಿಂಗಳಿಗೊಮ್ಮೆ, ಕೆಲಸದವರಲ್ಲಿ ಯಾರಾದರೂ ಬಿಟ್ಟುಹೋದಾಗ ಅಂಗಡಿಯ ಪಾಸ್‌ವರ್ಡನ್ನು ಅಂದೇ ಬದಲಿಸುವುದು. ಇದು ಬಿಟ್ಟುಹೋದವರ ಮೇಲಿನ ಅನುಮಾನವಲ್ಲ. ಮುಂದೆ ಏನಾದರೂ ಆದಾಗ ಅವರ ಮೇಲೆ ಅನುಮಾನ ಬಾರದಿರಲೆಂಬ ರಕ್ಷಣೆ.

ಸಂಪರ್ಕ ನಿಂತಾಗ ಗಾಬರಿಗೊಳ್ಳದೆ ದೀಪಗಳನ್ನು ನೋಡಬೇಕು. ಇಂಟರ್‌ನೆಟ್ ಸಂಸ್ಥೆಯವರ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಉರಿಯುತ್ತಿದ್ದರೆ ಗಾಜಿನೆಳೆಯಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ದೋಷ ಹೊರಗಿನದು, ಸಂಸ್ಥೆಗೆ ದೂರು ಕೊಡಬೇಕು. ಆ ದೀಪ ಆರಿದ್ದು ಒಂದು ಯಂತ್ರಕ್ಕೆ ಮಾತ್ರ ಸಂಪರ್ಕವಿಲ್ಲದಿದ್ದರೆ ದೋಷ ಹೆಚ್ಚಾಗಿ ಆ ಯಂತ್ರದ್ದು ಅಥವಾ ಅದರ ತಂತಿಯದು. ಪೆಟ್ಟಿಗೆಯ ಹಿಂಬದಿಯ ಸಣ್ಣ ರಂಧ್ರದ ಗುಂಡಿಯನ್ನು ಮಾತ್ರ ತಿಳಿಯದೆ ಸೂಜಿಯಿಂದ ಒತ್ತಕೂಡದು. ಅದು ನಾವು ಗೊತ್ತುಪಡಿಸಿದ ಕಟ್ಟಳೆಗಳೆಲ್ಲವನ್ನೂ ಅಳಿಸಿ ಯಂತ್ರವನ್ನು ಕಾರ್ಖಾನೆಯ ಸ್ಥಿತಿಗೆ ಒಯ್ಯುತ್ತದೆ.

ಹಣ ಮೋಸದಿಂದ ಹೋಯಿತೆಂದು ತಿಳಿದೊಡನೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಬೇಕು; ತಡವಾದಷ್ಟೂ ಹಣ ಮರಳುವ ಆಸೆ ಕ್ಷೀಣ. ಜಾಲದ ಮೇಲೆ ಆಕ್ರಮಣವಾದುದನ್ನು ಅರಿತ 6 ಗಂಟೆಗಳೊಳಗೆ ಸಂಸ್ಥೆಗಳು ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಯಾವ ಯಂತ್ರ ಯಾವಾಗ ಸೇರಿತೆಂಬ ದಾಖಲೆ ರೂಟರಿನಲ್ಲಿದ್ದು, ಅದರ ಗಡಿಯಾರ ಸರಿಯಿದ್ದರೆ ಮಾತ್ರ ಇಂಥ ಸಮಯದಲ್ಲಿ ಸತ್ಯವನ್ನು ತೋರಿಸಿಕೊಡಬಹುದು.

ಪುಸ್ತಕ ಯಾರ ಕೈಯಲ್ಲಿ?

ಯುಗಾದಿಯ ಹೊತ್ತಿಗೆ ನಾವು ಮತ್ತೆ ಆ ಅಂಗಡಿಗೆ ಹೋಗಿದ್ದೆವು. ಕನ್ನಡಿಯ ಪಕ್ಕದಲ್ಲಿ ಹೊಸ ಹಲಗೆಯೊಂದಿತ್ತು. ಗಿರಾಕಿಗಳ ಜಾಲದ ಹೆಸರೂ ಆ ತಿಂಗಳ ಪಾಸ್‌ವರ್ಡೂ ಅದರಲ್ಲಿದ್ದವು. ಅಣ್ಣನವರ ಔದಾರ್ಯ ನಿಂತಿರಲಿಲ್ಲ. ಅದಕ್ಕೊಂದು ಸರಿಯಾದ ಬಾಗಿಲು ಸಿಕ್ಕಿತ್ತು. ಅವರ ಕೈಬರಹದ ಹಳೆಯ ರಟ್ಟನ್ನು ಯಜಮಾನಿತಿಯವರು ಎಸೆಯದೆ ನೋಟುಪುಸ್ತಕದ ಒಳರಟ್ಟಿಗೆ ಅಂಟಿಸಿದ್ದರು.

ಪುಸ್ತಕವನ್ನು ತೆರೆದು ನೋಡಿದೆವು. ಪ್ರತಿ ತಿಂಗಳ ಪುಟದಲ್ಲಿಯೂ ದುಂಡಗಿನ ಅಕ್ಷರ. ದೂಳು ಒರೆಸಿದ್ದು, ಬ್ಯಾಟರಿ ನಲವತ್ತು ನಿಮಿಷ ತಡೆದದ್ದು, ಮೇಲಂತಸ್ತಿನ ತಂತಿಯನ್ನು ಇಲಿ ಕಡಿದದ್ದು, ಅದನ್ನು ಬದಲಿಸಿದ್ದು. ಕೆಳಗೆ ಗದಗಿನ ಹುಡುಗನ ರುಜು, ಅದರ ಪಕ್ಕ ಯಜಮಾನರದು. "ಈಗ ಪೆಟ್ಟಿಗೆ ನಿಂತರೆ ಅವನನ್ನು ಬಯ್ಯುವುದಿಲ್ಲ, ಅಯ್ಯನವರೇ, ಅವನನ್ನೇ ಕೇಳುತ್ತೇವೆ" ಎಂದು ಯಜಮಾನರು ನಕ್ಕರು. ಹುಡುಗನೂ ನಕ್ಕನು.

ನಮ್ಮ ಹಿರಿಯರು ಅಂಗಡಿಯ ಬಾಗಿಲನ್ನು ತೆರೆಯುವಾಗ ಹೊಸ್ತಿಲಿಗೆ ನೀರು ಚಿಮುಕಿಸಿ, ಮುಟ್ಟಿ, ಒಳಗೆ ಕಾಲಿಡುತ್ತಿದ್ದರು. ಒಳಗೆ ಬರುವ ಲಾಭವೂ ಅಪಾಯವೂ ಅದನ್ನು ದಾಟಿಯೇ ಬರಬೇಕೆಂಬ ಅರಿವು ಅವರಿಗಿತ್ತು. ಗೋಡೆಯ ಮೇಲಿನ ಈ ಪುಟ್ಟ ಪೆಟ್ಟಿಗೆ ಇಂದಿನ ಎರಡನೆಯ ಹೊಸ್ತಿಲು. ಅದನ್ನು ಕೂರಿಸುವ ಕುಶಲಕರ್ಮಿ ಹೊರಗಿನಿಂದ ಬರಲಿ. ಅದರ ಕೀಲಿಯೂ ಪುಸ್ತಕವೂ ಮನೆಯವರ ಕೈಯಲ್ಲಿರಲಿ. ಈ ಲೇಖನವನ್ನು ಓದಿದ ವ್ಯಾಪಾರಿ ಬಂಧುಗಳು ನಾಳೆ ಬೆಳಗ್ಗೆ ತಮ್ಮ ಅಂಗಡಿಯ ಪೆಟ್ಟಿಗೆಯನ್ನು ಒಮ್ಮೆ ಬೋರಲು ಮಾಡಿ, ತಳದ ಚೀಟಿಯಲ್ಲಿರುವ ಪಾಸ್‌ವರ್ಡಿಗೆ ಅದು ಇನ್ನೂ ಬಾಗಿಲು ತೆರೆಯುತ್ತದೆಯೇ ಎಂದು ನೋಡಿದರೆ ನಮ್ಮ ಶ್ರಮ ಸಾರ್ಥಕ.